ಹಂಪರಸನ ಹೋಳಿಗೆ, ರುಮಾಲಿನ ಚೇಳು

ಮರಡಿಕೋಟೆಯ ದೊರೆ ಕೆಂಚಭೂಪನಿಗೆ ಇದ್ದದ್ದು ಒಂದೇ ಜಂಬ. ಕೋಟೆಯ ಬಗ್ಗೆ ಅಲ್ಲ ಬಿಡಿ, ಅದರ ಅರ್ಧ ಗೋಡೆಯ ಮೇಲೆ ಮೇಕೆ ಮೇಯುತ್ತಿದ್ದವು. ಜಂಬ ಇದ್ದದ್ದು ಮಂತ್ರಿಗಳ ಬಗ್ಗೆ.

“ನನ್ನ ಐವರು ಮಂತ್ರಿಗಳನ್ನು ನೋಡು ಬೊಮ್ಮರಸ,” ಎಂದು ಮೀಸೆ ತಿರುವಿದ. “ಒಬ್ಬನಾದರೂ ಇನ್ನೊಬ್ಬನ ಮೇಲೆ ದೂರು ಹೇಳಿದ್ದುಂಟೇ? ಒಡಹುಟ್ಟಿದವರೂ ಹೀಗಿರೋದಿಲ್ಲ!”

“ಹೌದು ಪ್ರಭು, ನನಗೆ ಅದೇ ಭಯ,” ಎಂದ ಬೊಮ್ಮರಸ. ಆಸ್ಥಾನದಲ್ಲಿ ಅವನಿಗೆ ಇಂಥದ್ದೇ ಕೆಲಸ ಅಂತ ಇರಲಿಲ್ಲ. ದೊರೆಗೆ ನಗು ಬರಿಸುವುದು, ಮಂತ್ರಿಗಳಿಗೆ ಸಿಟ್ಟು ಬರಿಸುವುದು, ಎರಡನ್ನೂ ಚೆನ್ನಾಗಿ ಮಾಡುತ್ತಿದ್ದ.

ಆ ದಿನ ಮಾತ್ರ ಅವನಿಗೇ ನಗು ಬಂದಿರಲಿಲ್ಲ. ಅರಮನೆಯ ಆನೆ ಗೌರಿಗೆಂದು ತರಿಸಿದ ಬೆಲ್ಲವೆಲ್ಲ ಮಾಯವಾಗಿತ್ತು. ತಪ್ಪು ಬಂದು ಕೂತದ್ದು ಮಾವುತ ದಸ್ತಗೀರನ ತಲೆಯ ಮೇಲೆ. ಸಂಜೆಯೊಳಗೆ ಅವನು ಸೀಮೆ ಬಿಟ್ಟು ಹೋಗಬೇಕೆಂದು ದೊರೆಯ ಅಪ್ಪಣೆ. ಗೌರಿಯನ್ನು ಮರಿಯಿಂದ ಸಾಕಿದವನು ಅವನು. ಬೆಳಗಿನಿಂದ ಆನೆ ಹುಲ್ಲು ಮುಟ್ಟಿರಲಿಲ್ಲ, ಮಾವುತ ನೀರು ಮುಟ್ಟಿರಲಿಲ್ಲ.

ಬೆಲ್ಲ ಎಲ್ಲಿ ಹೋಯಿತೆಂದು ಮಂತ್ರಿಗಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಹಿಂದಿನ ವಾರ ಉಗ್ರಾಣದ ಮಂತ್ರಿ ಹಂಪರಸನ ಮಗಳ ಮದುವೆ. ಹೋಳಿಗೆಯೋ ಹೋಳಿಗೆ! ಬೆಲ್ಲದ ಗಾಡಿ ಆನೆಲಾಯದ ದಾರಿ ಬಿಟ್ಟು ಹಂಪರಸನ ಹಿತ್ತಲಿಗೆ ತಿರುಗಿದ್ದನ್ನು ಉಳಿದ ನಾಲ್ವರೂ ಕಂಡಿದ್ದರು. ಆಮೇಲೆ ಪಂಕ್ತಿಯಲ್ಲಿ ಕೂತು, ನಡುಪಟ್ಟಿ ಸಡಿಲಿಸಿ ಸಡಿಲಿಸಿ ತಿಂದಿದ್ದರು. ಬೊಮ್ಮರಸನಿಗೆ ಕರೆಯೇ ಇರಲಿಲ್ಲ. ಅಡುಗೆಯವರು ಹೇಳಿದ್ದಷ್ಟೇ ಅವನಿಗೆ ಗೊತ್ತು.

ಹಿರಿಯ ಮಂತ್ರಿ ಸೋವಯ್ಯನ ಹತ್ತಿರ ಹೋಗಿ ಕೈಮುಗಿದ. “ಸ್ವಾಮಿ, ನೀವು ಕಣ್ಣಾರೆ ಕಂಡವರು. ದೊರೆಗೆ ಒಂದು ಮಾತು ಹೇಳಿಬಿಡಿ.”

“ಶಿವ ಶಿವಾ!” ಸೋವಯ್ಯ ಕಿವಿ ಮುಚ್ಚಿಕೊಂಡ. “ಜೊತೆಗೆ ಕೂರುವವನ ಮೇಲೆ ಚಾಡಿಯೇ? ಕಂಡದ್ದನ್ನು ನುಂಗಿಕೊಳ್ಳೋದೇ ನಮ್ಮ ಮರ್ಯಾದೆ ಕಣಯ್ಯ.”

“ಮತ್ತೆ ಮಾವುತನ ಗತಿ?”

“ಅವನೇನು ಮಂತ್ರಿಯೇ?”

ಬೊಮ್ಮರಸನಿಗೆ ಮೈಯೆಲ್ಲ ಉರಿಯಿತು. ಆದರೂ ನಗುತ್ತಲೇ ಎದ್ದು ಬಂದ.

ಮರಡಿಕೋಟೆಯಲ್ಲಿ ಒಂದು ಪದ್ಧತಿ. ದರ್ಬಾರಿಗೆ ಮುಂಚೆ ಮಂತ್ರಿಗಳು ಹಜಾರದ ಗೂಟಗಳಿಗೆ ರುಮಾಲು ಸಿಕ್ಕಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ದೊರೆ ಬಂದನೆಂದರೆ ಸುತ್ತಿದ ರುಮಾಲನ್ನು ಹಾಗೇ ತಲೆಗೇರಿಸಿ ಒಳಗೆ ಓಡುತ್ತಾರೆ. ಆಮೇಲೆ ದರ್ಬಾರು ಮುಗಿಯುವವರೆಗೆ ಅದನ್ನು ತೆಗೆಯುವಂತಿಲ್ಲ. ತೆಗೆದರೆ ಮಂತ್ರಿಗಿರಿಯೇ ಹೋಯಿತು.

ಮಧ್ಯಾಹ್ನ ಐವರೂ ಕೂತಮೇಲೆ ಬೊಮ್ಮರಸ ಕಂಬಕ್ಕೊರಗಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟ.

“ಏನಾಯ್ತೋ?” ಎಂದ ದೊರೆ.

“ಏನಿಲ್ಲ ಪ್ರಭು. ಗೂಟದ ಮೇಲಿದ್ದ ಒಂದು ರುಮಾಲಿನೊಳಗೆ ಕರಿಚೇಳು ನುಗ್ಗಿತು. ಒಳ್ಳೇ ಹೆಬ್ಬೆರಳ ಗಾತ್ರ.”

ಐದು ತಲೆಗಳೂ ಕಲ್ಲಾದವು.

“ಯಾರ ರುಮಾಲು?” ಸೋವಯ್ಯನ ದನಿ ಕೀಚಲಾಗಿತ್ತು.

“ಛೆ ಛೆ! ಜೊತೆಯವರ ವಿಷಯ. ನನ್ನ ಬಾಯಲ್ಲಿ ಹೇಗೆ ಹೇಳಲಿ?”

“ಹೇಳೋ ಪುಣ್ಯಾತ್ಮ!” ಎಂದ ಕೋಟೆಯ ಮಂತ್ರಿ. ಅವನ ನೆತ್ತಿಯ ಮೇಲೆ ಏನೋ ಹರಿದ ಹಾಗಾಯಿತು. ಪಕ್ಕದವನಿಗೆ ಕಿವಿಯ ಹಿಂದೆ ಕಚಗುಳಿ. ಹಂಪರಸನಂತೂ ಉಸಿರಾಡುವುದನ್ನೇ ನಿಲ್ಲಿಸಿದ್ದ.

“ಕಂಡದ್ದನ್ನು ನುಂಗಿಕೊಳ್ಳೋದೇ ಮರ್ಯಾದೆ ಅಂತ ಬೆಳಿಗ್ಗೆ ಸೋವಯ್ಯನವರೇ ಹೇಳಿಕೊಟ್ಟರು...”

“ಸುಡುಗಾಡು ಮರ್ಯಾದೆ!” ಸೋವಯ್ಯ ಕಿರುಚಿದ. “ಕಂಡವನು ಬಾಯಿ ಬಿಡಲೇಬೇಕು! ಗೊತ್ತಿದ್ದೂ ಸುಮ್ಮನಿದ್ದವನು ಕೊಲೆಗಾರ! ಪ್ರಭು, ಇಂಥವನಿಗೆ ಶಿಕ್ಷೆ ಕೊಡಿ!”

“ಕೊಡಿ! ಕೊಡಿ!” ಎಂದರು ಉಳಿದವರು, ತಲೆ ಅಲ್ಲಾಡಿಸದೆ.

“ಐವರೂ ಒಪ್ಪಿದಿರಾ? ಹಾಗಾದರೆ ಈ ಗಳಿಗೆಯಿಂದ ಇದೇ ಕಾನೂನು,” ಎಂದ ದೊರೆ. “ಜೊತೆಯವನ ತಪ್ಪು ಗೊತ್ತಿದ್ದೂ ಮುಚ್ಚಿಟ್ಟವನಿಗೆ ಶಿಕ್ಷೆಯಲ್ಲಿ ಪಾಲು. ಈಗ ಹೇಳು ಬೊಮ್ಮರಸ.”

“ಹೇಳ್ತೀನಿ ಪ್ರಭು. ಆದರೆ ದೊಡ್ಡವರು ಮೊದಲು. ಗೌರಿಯ ಬೆಲ್ಲ ಯಾರ ಹಿತ್ತಲಿಗೆ ಹೋಯಿತು ಅಂತ ಅವರು ಹೇಳಲಿ, ಬೆನ್ನಿಗೇ ನನ್ನ ಚೇಳಿನ ವಿಷಯ.”

ಮಾತಿನ್ನೂ ಮುಗಿದಿರಲಿಲ್ಲ, ನಾಲ್ಕು ಬೆರಳು ಹಂಪರಸನ ಕಡೆ ತಿರುಗಿದವು.

“ಇವನೇ ಪ್ರಭು! ಮಗಳ ಮದುವೆಗೆ!”

“ನಾನು ತಿಂದದ್ದು ಎರಡೇ ಹೋಳಿಗೆ!”

“ಸುಳ್ಳು! ಇವನು ಹನ್ನೊಂದು ತಿಂದ, ಎಣಿಸಿದ್ದೇನೆ!”

“ನಾನೇ ಕದ್ದದ್ದು ಪ್ರಭು,” ಎಂದು ಹಂಪರಸ ಅತ್ತೇಬಿಟ್ಟ. “ಮೊದಲು ಚೇಳು ತೆಗೆಸಿ!”

ದೊರೆಯ ಮೀಸೆ ಇಳಿದುಹೋಯಿತು.

“ದಸ್ತಗೀರನನ್ನು ಲಾಯಕ್ಕೆ ಕಳಿಸಿ. ಅವನ ಕ್ಷಮೆಯನ್ನು ನಾನೇ ಹೋಗಿ ಕೇಳುತ್ತೇನೆ,” ಎಂದ. “ಹಂಪರಸ, ನಿನ್ನ ಮಂತ್ರಿಗಿರಿ ಮುಗಿಯಿತು. ನಾಳೆಯಿಂದ ಗೌರಿಯ ಲದ್ದಿ ಎತ್ತು. ನೀವು ನಾಲ್ವರು ಬುಟ್ಟಿ ಹಿಡಿಯಿರಿ. ಈಗಲಾದರೂ ಹೇಳೋ ಬೊಮ್ಮರಸ, ಚೇಳು ಯಾರ ರುಮಾಲಿನಲ್ಲಿದೆ?”

“ಯಾರದರಲ್ಲೂ ಇಲ್ಲ ಪ್ರಭು. ಸುಳ್ಳು ಹೇಳಿದೆ.”

ಐವರೂ ದಡಕ್ಕನೆ ಎದ್ದು ನಿಂತರು. “ಪ್ರಭು! ದರ್ಬಾರಿನಲ್ಲಿ ಸುಳ್ಳು! ಮಹಾಪರಾಧ! ನಾವು ಐವರೂ ಸಾಕ್ಷಿ!”

ಬೊಮ್ಮರಸ ದೊರೆಯ ಕಡೆ ತಿರುಗಿದ. “ನೋಡಿದಿರಾ ಪ್ರಭು! ಕಾನೂನು ಹುಟ್ಟಿ ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತೂ ಆಗಿಲ್ಲ, ಆಗಲೇ ಎಷ್ಟು ಚೆನ್ನಾಗಿ ನಡೀತಿದೆ!”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಲಾಯದ ಕಡೆಯಿಂದ ಗೌರಿ ಘೀಳಿಟ್ಟದ್ದು ಕೇಳಿಸಿತು. ದಸ್ತಗೀರ ಅವಳ ಹತ್ತಿರ ಬಂದಿದ್ದ.