ಸರಪಳಿಗೆ ಕಟ್ಟಿದ ಸಮಾಧಿ

ಸ್ಕಾಟ್ಲೆಂಡಿನ ಬಡಗಣ ತೀರವನ್ನು ಪಿಕ್ಟರೆಂಬ ಜನ ಆಳುತ್ತಿದ್ದ ಕಾಲ. ಅಲ್ಲಿ ಕಡಲಂಚಿನ ಗವಿಯೊಂದರಲ್ಲಿ ಮಾತೆ ದೆರಿಲೆಯವರು ತಪಸ್ಸಿನಲ್ಲಿದ್ದರು. ಒಂದು ಬೀಸುಕಲ್ಲು, ಒಂದು ಮರದ ಶಿಲುಬೆ, ಹಾಸಲು ಒಣಗಿದ ಕಡಲಪಾಚಿ. ಆ ಮಹಾತಾಯಿಯವರ ಆಸ್ತಿಯೆಲ್ಲ ಅಷ್ಟೇ. ಆದರೂ ಅವರೆದುರು ನಿಂತು ಮೀಸೆ ತಿರುವುವ ಗಂಡಸು ಆ ಸೀಮೆಯಲ್ಲಿರಲಿಲ್ಲ. ಇದ್ದವನು ಒಬ್ಬನೇ, ದೊರೆ ಊರ್ಗುಸ್ತ.

ಊರ್ಗುಸ್ತ ಸಾಮಾನ್ಯ ಕುಳವಲ್ಲ. ಹಡಗು ಕಟ್ಟಿಕೊಂಡು ಲೂಟಿಗೆ ಬಂದ ನಾರ್ಸ್ ಕಡಲ್ಗಳ್ಳರನ್ನು ಮರಳದಂಡೆಯಲ್ಲೇ ತಡೆದು ಅಟ್ಟಿದ ಗಂಡು. ಆದರೆ ಆ ಕಾಳಗದಲ್ಲಿ ಅವನ ಅಕ್ಕನ ಮಗ ದ್ರುಸ್ತ ಮಡಿದ. ನಮ್ಮ ಕರಾವಳಿಯ ಅಳಿಯಕಟ್ಟಿನಂತೆ ಅಲ್ಲೂ ಪಟ್ಟ ಅಕ್ಕನ ಮಗನಿಗೇ; ದೊರೆಗೆ ಅವನೇ ಪ್ರಾಣ. ಅಲೆಗಳು ಹೆಣಗಳನ್ನು ದಡಕ್ಕೆ ತಂದೊಗೆಯುವಷ್ಟರಲ್ಲಿ ಏಡಿಗಳು ಮುಖಗಳನ್ನು ಮುಗಿಸಿದ್ದವು. ರಾಜಮನೆತನದವರು ಮಾತ್ರ ತೊಡುವ ದಪ್ಪ ಬೆಳ್ಳಿ ಸರಪಳಿ ಒಂದು ಹೆಣದ ಕೊರಳಲ್ಲಿತ್ತು. ದೊರೆ ಅದನ್ನು ಅಪ್ಪಿಕೊಂಡು ಅತ್ತ. ಕಲ್ಲು ಕೆತ್ತಿಸಿ ಸಮಾಧಿ ಕಟ್ಟಿಸಿದ. ಗುರುತು ಸಿಗದ ಬೆತ್ತಲೆ ಹೆಣಗಳನ್ನು, “ಕಳ್ಳನನ್ಮಕ್ಕಳಿಗೆ ಮಣ್ಣು ಬೇರೆ ಕೇಡು!” ಎಂದು ಬಂಡೆಯ ಸೀಳಿಗೆ ಎಸೆಸಿದ.

ಅಂದಿನಿಂದ ಶುರುವಾಯಿತು ನೋಡಿ. ಮುಸ್ಸಂಜೆ ಮಂಜು ಇಳಿದರೆ ಸಾಕು, ಕೊಲ್ಲಿಯಲ್ಲಿ ಹುಟ್ಟು ಹಾಕುವ ಸದ್ದು. ಹಡಗಿಲ್ಲ, ದೋಣಿಯಿಲ್ಲ, ನೀರು ಕದಲುವುದೂ ಇಲ್ಲ. ಕಾವಲಿನವರು ಗೋಪುರ ಬಿಟ್ಟು ಓಡತೊಡಗಿದರು. ನಾರ್ಸರು ಮತ್ತೆ ಬರುವುದಂತೂ ಖಂಡಿತ. ಕಾವಲಿಲ್ಲದ ಕೋಟೆ ಒಂದು ಏಟಿಗೂ ನಿಲ್ಲದು.

ದೊರೆ ನೇರ ಗವಿಗೆ ನುಗ್ಗಿದ. ಮಾತೆಯವರು ಬಾರ್ಲಿ ಬೀಸುತ್ತಿದ್ದರು.

“ಬೀಸೋದು ಆಮೇಲಿರಲಿ ತಾಯಿ. ನಿಮ್ಮ ದೇವರಿಗೆ ತಾಕತ್ತಿದ್ದರೆ ಆ ಸದ್ದು ನಿಲ್ಲಿಸಲಿ. ಇಲ್ಲವೋ, ಗವಿ ಖಾಲಿ ಮಾಡಿ. ನನ್ನ ಕುರಿಗಳಿಗಾದರೂ ಆದೀತು.”

ಹಿಂದಿದ್ದ ದಳಪತಿ ತಲನ್ ಕಿಸಕ್ಕೆಂದ.

“ನೀನೇನು ನಗ್ತೀಯೋ? ನಿನ್ನೆ ಗೋಪುರದಿಂದ ಮೊದಲು ಇಳಿದೋನೇ ನೀನು!” ದೊರೆ ಅವನತ್ತ ತಿರುಗಿ ಗದರಿದ.

ಮಾತೆಯವರು ಬೀಸುಕಲ್ಲು ನಿಲ್ಲಿಸಿದರು. “ಕೇಳು” ಎಂದರು.

ಮಂಜು ಗವಿಯ ಬಾಯಿಗೆ ಬಂದು ನಿಂತಿತ್ತು. ಧಪ್... ಧಪ್... ಹುಟ್ಟುಗಳೆಲ್ಲ ಒಟ್ಟಿಗೇ ಬೀಳುತ್ತಿದ್ದವು. ಪ್ರತಿ ಸಲವೂ ಅವುಗಳ ಬೆನ್ನಿಗೇ ಇನ್ನೊಂದು, ಒಂಟಿಯಾಗಿ, ಸೋತಂತೆ ಬೀಳುತ್ತಿತ್ತು.

“ಹಿಂದೆ ಬೀಳುವ ಆ ಹುಟ್ಟು ಕೇಳಿಸಿತೇ, ಮಗೂ? ಅವನ ಹಿಡಿತ ಜಾರುತ್ತಿದೆ. ಎಡಗೈಯಲ್ಲಿ ಕಿರುಬೆರಳಿಲ್ಲ.”

ದೊರೆ ಗವಿಯ ಬಾಯಿಗೆ ಓಡಿ ಕಿವಿಗೊಟ್ಟ. ಎಳವೆಯಲ್ಲಿ ದ್ರುಸ್ತನ ಆ ಬೆರಳನ್ನು ಕಚ್ಚಿ ತುಂಡರಿಸಿದ್ದು ದೊರೆಯದೇ ಬೇಟೆನಾಯಿ. ಗಾಯಕ್ಕೆ ಬಟ್ಟೆ ಸುತ್ತಿದ್ದೂ ದೊರೆಯೇ.

“ನೀನು ಸರಪಳಿಗೆ ಸಮಾಧಿ ಕಟ್ಟಿದೆ” ಎಂದಷ್ಟೇ ನುಡಿದು ಮಾತೆಯವರು ಮತ್ತೆ ಬೀಸತೊಡಗಿದರು.

ಬೆಳಗಾಗುತ್ತಲೇ ದೊರೆ ಸಮಾಧಿ ತೆಗೆಸಿದ. ಸರಪಳಿ ಕೊರಳಲ್ಲೇ ಇತ್ತು. ಎಡಗೈಯಲ್ಲಿ ಐದೂ ಬೆರಳುಗಳಿದ್ದವು! ದ್ರುಸ್ತನ ಮೈಮೇಲಿನದನ್ನೆಲ್ಲ ದೋಚಿ, ಸರಪಳಿ ತೊಟ್ಟುಕೊಂಡು ಓಡುವಾಗ ಮುಳುಗಿದ ಯಾವನೋ ನಾರ್ಸ್ ಕಳ್ಳ ಅವನು. ದೊರೆ ಬಂಡೆಯ ಸೀಳಿಗಿಳಿದು ಬರಿಗೈಯಲ್ಲಿ ಹುಡುಕಿದ. ನಾಲ್ಕು ಬೆರಳಿನ ಕೈ ಸಿಕ್ಕಿದಾಗ ಅದನ್ನು ಕಣ್ಣಿಗೊತ್ತಿಕೊಂಡ.

“ಈ ಕಳ್ಳನನ್ನು ಸೀಳಿಗೆ ಎಸೆಯೋಣವೇ, ಪ್ರಭೂ?” ತಲನ್ ಕೇಳಿದ.

ದೊರೆ ಸಮಾಧಿಯ ಬಳಿ ಬಂದು ಆ ಮುಖವಿಲ್ಲದ ಮುಖ ನೋಡಿದ.

“ಇಷ್ಟು ದಿನ ನಾನು ಅತ್ತಿದ್ದು ಇವನಿಗೇ ಅಲ್ಲವೇನೋ? ಈಗ ಹೇಗೆ ಎಸೆಯಲಿ? ಇವನನ್ನು ಇಲ್ಲೇ ಮುಚ್ಚು. ಪಕ್ಕದಲ್ಲಿ ನನ್ನ ದ್ರುಸ್ತನಿಗೆ ಅಗೆ. ಸೀಳಿನಲ್ಲಿರುವ ಅಷ್ಟೂ ಜನಕ್ಕೂ ಅಗೆ.”

ಮೊದಲ ಗುದ್ದಲಿ ಅವನೇ ಹಿಡಿದ.

ಆ ಸಂಜೆಯೂ ಮಂಜು ಇಳಿಯಿತು. ಗೋಪುರದ ಮೇಲೆ ದೊರೆಯೇ ಕಾವಲು ನಿಂತ. ಅವನ ಬೆನ್ನಿಗೆ ತಲನ್. ಹುಟ್ಟಿನ ಸದ್ದು ಕೇಳಿತು. ಈ ಸಲ ಹಿಂದೆ ಬೀಳುವ ಹುಟ್ಟಿರಲಿಲ್ಲ. ಸದ್ದು ಕೋಟೆಯ ಕಡೆ ಬರಲೂ ಇಲ್ಲ. ತೆರೆದ ಕಡಲಿನತ್ತ ಹೋಗುತ್ತ ಹೋಗುತ್ತ ಅಡಗಿತು. ಒಬ್ಬನೂ ಓಡಲಿಲ್ಲ.

ಮರುದಿನ ಊರ್ಗುಸ್ತ ಗವಿಗೆ ಬಂದಾಗ, ರಾಜಮನೆತನದ ಬೆಳ್ಳಿ ಸರಪಳಿಯಿಲ್ಲದೆ ಅವನ ಕೊರಳು ಬರಿದಾಗಿತ್ತು. ಮಾತೆಯವರು ತುಸು ಸರಿದು ಕುಳಿತರು. ದೊರೆ ಎದುರಿಗೆ ಮಂಡಿಯೂರಿ ಬೀಸುಕಲ್ಲಿನ ಗೂಟ ಹಿಡಿದ.