ಕೊನೆಯ ಅಂಕಿ

"ಮೇಷ್ಟ್ರೇ, ಒಂದು ತಪ್ಪು ಯಾರ ಕಣ್ಣಿಗೂ ಬೀಳುವ ಮೊದಲೇ ಸರಿಹೋದರೆ, ಅದನ್ನು ಹೇಳಿಕೊಳ್ಳಲೇಬೇಕೇ?" ಎಂದು ವಾರಿಜಾ ಕೇಳಿದಳು.

ಶ್ರೀಪತಯ್ಯನವರು ವೆಬ್ ಪುಟ ಕಟ್ಟುವ ಕೆಲಸ ಕಲಿಸುವ ಗುರುಗಳು. ವಾರಿಜಾ ಅವರಲ್ಲಿ ನಾಲ್ಕು ವರ್ಷ ಕಲಿತು, ಈಗ ಸ್ವಂತವಾಗಿ ಕೆಲಸ ಮಾಡುತ್ತಿದ್ದಳು. ಯಾವ ತಪ್ಪು ಎಂದು ಅವಳು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ. ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಬ್ಬ ಕೆಲಸಗಾರನಿದ್ದ. ಅವನು ವೆಬ್ ಪುಟಗಳಿಗೆ ಬಿಡಿಭಾಗಗಳನ್ನು ಮಾಡುತ್ತಿದ್ದ. ಬಿಡಿಭಾಗ ಎಂದರೆ ಒತ್ತುವ ಬಟನ್, ಹೆಸರು ಬರೆಯುವ ಚೌಕ, ತಾರೀಖು ಆರಿಸುವ ಕ್ಯಾಲೆಂಡರ್, ಇಂಥವು. ಪ್ರತಿಯೊಬ್ಬರೂ ತಮ್ಮ ಪುಟಕ್ಕೆ ತಾವೇ ಬಟನ್ ಮಾಡುತ್ತ ಕೂತರೆ ಕಾಲ ಹಾಳು. ಆದ್ದರಿಂದ ಒಬ್ಬ ಮಾಡಿ ಎಲ್ಲರಿಗೂ ಕೊಡುವ ಪದ್ಧತಿ ಬಂದಿದೆ. ಅಂಥ ಸಂಗ್ರಹವನ್ನು ಲೈಬ್ರರಿ ಎನ್ನುತ್ತಾರೆ. ಬೇಕಾದವರು ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪು ಮಾಡಿದರೆ ಲೈಬ್ರರಿ ಇನ್‌ಸ್ಟಾಲ್ ಆಗುತ್ತದೆ. ಆಮೇಲೆ ಪುಟದಲ್ಲಿ ಎಲ್ಲಿ ಕ್ಯಾಲೆಂಡರ್ ಬೇಕೋ ಅಲ್ಲಿ ಅದರ ಹೆಸರು ಬರೆದರೆ ಸಾಕು, ಅಲ್ಲಿ ಕ್ಯಾಲೆಂಡರ್ ಕಾಣುತ್ತದೆ. ಅದನ್ನು ಮಾಡಿದವನ ಮುಖ ಅವರು ನೋಡುವುದಿಲ್ಲ. ಅವನೂ ಅವರ ಮುಖ ನೋಡುವುದಿಲ್ಲ. ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕ ಮಾತ್ರ ಅವನಿಗೆ ಕಾಣುತ್ತದೆ.

"ಇದೆಲ್ಲ ನನಗೆ ಗೊತ್ತು, ಮೇಷ್ಟ್ರೇ," ಎಂದಳು ವಾರಿಜಾ.

"ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಕೇಳು," ಎಂದರು ಗುರುಗಳು.

ಲೈಬ್ರರಿಗೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯಲ್ಲಿ ಮೂರು ಅಂಕಿ. ಬಳಸುವ ರೀತಿಯೇ ಬದಲಾದರೆ, ಎಂದರೆ ಹಳೆಯ ಪುಟಗಳು ಕೆಡುವ ಸಂಭವವಿದ್ದರೆ, ಮೊದಲ ಅಂಕಿಯನ್ನು ಏರಿಸಬೇಕು. ಹೊಸದೇನಾದರೂ ಸೇರಿದರೆ ನಡುವಿನ ಅಂಕಿ. ಯಾರಿಗೂ ತೊಂದರೆಯಾಗದ ಸಣ್ಣ ದುರಸ್ತಿಯಾದರೆ ಕೊನೆಯ ಅಂಕಿ. ಇದನ್ನು ಯಾವ ಪೊಲೀಸರೂ ನೋಡಿಕೊಳ್ಳುವುದಿಲ್ಲ. ಮಾಡುವವನು ಬಳಸುವವರಿಗೆ ಕೊಡುವ ಮಾತು ಅದು, ಅಷ್ಟೇ. ಆ ಮಾತನ್ನು ನಂಬಿ ಎಷ್ಟೋ ಜನ ತಮ್ಮ ಪುಟಗಳಿಗೆ ಒಂದು ಅಪ್ಪಣೆ ಕೊಟ್ಟಿರುತ್ತಾರೆ: ಕೊನೆಯ ಅಂಕಿ ಮಾತ್ರ ಬದಲಾಗಿದ್ದರೆ ನನ್ನನ್ನು ಕೇಳಬೇಡ, ಹೊಸದನ್ನೇ ತಂದುಕೋ.

ಕೆಲಸಗಾರನ ಕ್ಯಾಲೆಂಡರ್‌ಗೆ ಹುಟ್ಟಿನಿಂದ ಒಂದು ಐಬಿತ್ತು. ಅದು ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತಿತ್ತು. ನೋಡುವವರ ಕಣ್ಣಿಗೆ ಜನವರಿ ಎಂದೇ ಕಾಣುತ್ತಿತ್ತು. ಆದರೆ ಪುಟದ ಒಳಗೆ ಅದು ಕೊಡುತ್ತಿದ್ದ ಸಂಖ್ಯೆ ಸೊನ್ನೆ. ಫೆಬ್ರವರಿಗೆ ಒಂದು, ಮಾರ್ಚಿಗೆ ಎರಡು. ಬಳಸುವವರಿಗೆ ಇದು ಗೊತ್ತಿತ್ತು. ಬಂದ ಸಂಖ್ಯೆಗೆ ಒಂದು ಕೂಡಿಸಿಕೊಂಡು ಅವರು ತಮ್ಮ ಕೆಲಸ ನಡೆಸುತ್ತಿದ್ದರು.

ಕೆಲಸಗಾರನಿಗೆ ಆ ಐಬು ಕಂಡಾಗಲೆಲ್ಲ ನಾಚಿಕೆಯಾಗುತ್ತಿತ್ತು. ಒಂದು ಭಾನುವಾರ ಕೂತು ಅದನ್ನು ಸರಿಮಾಡಿದ. ಜನವರಿ ಒಂದಾಯಿತು, ಮಾರ್ಚ್ ಮೂರಾಯಿತು. ಆದರೆ ಬಳಸುವವರ ಪುಟಗಳು ಈಗಲೂ ಒಂದು ಕೂಡಿಸುತ್ತವೆ. ಮಾರ್ಚ್ ಎಂದು ಒತ್ತಿದ್ದು ಒಳಗೆ ಹೋಗಿ ಏಪ್ರಿಲ್ ಆಗುತ್ತದೆ. ಪುಟ ನಿಲ್ಲುವುದಿಲ್ಲ. ಕೆಂಪು ಅಕ್ಷರದ ಎಚ್ಚರಿಕೆ ಬರುವುದಿಲ್ಲ. ಎಲ್ಲವೂ ನೆಟ್ಟಗೆ ನಡೆಯುತ್ತಿರುವಂತೆಯೇ ಕಾಣುತ್ತದೆ.

ಇದು ಅವನಿಗೆ ತಿಳಿದಿತ್ತು. ಮೊದಲ ಅಂಕಿಯನ್ನು ನಾಲ್ಕರಿಂದ ಐದಕ್ಕೆ ಏರಿಸಬೇಕು ಎಂಬುದೂ ತಿಳಿದಿತ್ತು. ಆದರೆ ಹಿಂದಿನ ವರ್ಷ ಅದು ಮೂರರಿಂದ ನಾಲ್ಕಾಗಿ, ಎಲ್ಲರೂ ತಮ್ಮ ಪುಟ ತಿದ್ದಿಕೊಳ್ಳಬೇಕಾದಾಗ ಬಂದ ಪತ್ರಗಳನ್ನು ಅವನು ಮರೆತಿರಲಿಲ್ಲ. "ನಡೆಯುವ ಗಾಡಿಗೆ ಕೋಲು ಹಾಕುವುದೇ ನಿಮ್ಮ ಕಸುಬೇ, ಸ್ವಾಮಿ?" ಎಂದು ಒಬ್ಬ ಬರೆದಿದ್ದ. "ಪುಕ್ಕಟೆ ಕೊಟ್ಟೆನೆಂದು ನಮ್ಮ ತಲೆಯ ಮೇಲೆ ಕೂರಬೇಡಿ," ಎಂದು ಇನ್ನೊಬ್ಬ. ಮತ್ತೊಬ್ಬನಂತೂ, "ಇವರಿಗೆ ಯಾರಾದರೂ ಬೇಗ ಒಂದು ಮದುವೆ ಮಾಡಿಸಿ, ಆಮೇಲೆ ಇಷ್ಟು ಬಿಡುವು ಇರುವುದಿಲ್ಲ," ಎಂದು ಎಲ್ಲರೂ ಓದುವ ಕಡೆಯೇ ಬರೆದಿದ್ದ. ಜನ ನಕ್ಕಿದ್ದರು. ಒಂದು ವಾರ ಅವನು ಆ ಕಡೆ ತಲೆ ಹಾಕಿರಲಿಲ್ಲ.

ಅವನು ಕೊನೆಯ ಅಂಕಿಯನ್ನು ಏರಿಸಿದ. ನಾಲ್ಕು, ಎರಡು, ಏಳು ಇದ್ದದ್ದು ನಾಲ್ಕು, ಎರಡು, ಎಂಟು ಆಯಿತು. ಏನು ಬದಲಾಗಿದೆ ಎಂದು ಬರೆಯುವ ಜಾಗದಲ್ಲಿ 'ಸಣ್ಣ ದುರಸ್ತಿ' ಎಂದು ಬರೆದ. ಸಂಜೆ ಐದು ಗಂಟೆಗೆ ಬಿಡುಗಡೆ ಮಾಡಿದ.

ಸೋಮವಾರ ಇಳಿಸಿಕೊಂಡವರ ಲೆಕ್ಕ ಸಾವಿರ ದಾಟಿತು. ಮಂಗಳವಾರ ಮೂರು ಸಾವಿರ. ಅವನು ಗಂಟೆಗೊಮ್ಮೆ ಆ ಲೆಕ್ಕ ನೋಡುತ್ತಿದ್ದ. ಹಿಂದೆಲ್ಲ ಅದು ಏರಿದರೆ ಖುಷಿಯಾಗುತ್ತಿತ್ತು. ಈಗ ಏರಿದಾಗಲೆಲ್ಲ ಪತ್ರ ಬಂದಿದೆಯೇ ಎಂದು ತೆರೆದು ನೋಡುತ್ತಿದ್ದ. ಯಾರೂ ಬೈಯಲಿಲ್ಲ. ಯಾರೂ ಬೈಯದೇ ಇರುವುದು ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಒಂದು ಪತ್ರ ಬಂತು. ಬರೆದವಳು ಒಬ್ಬ ಹೆಂಗಸು. ನಾಯಿ ಕಚ್ಚಿದವರಿಗೆ ಚುಚ್ಚುಮದ್ದು ಕೊಡುವ ಒಂದು ಸಣ್ಣ ಆಸ್ಪತ್ರೆಯ ಪುಟವನ್ನು ಅವಳು ನೋಡಿಕೊಳ್ಳುತ್ತಿದ್ದಳು. ಈ ಚುಚ್ಚುಮದ್ದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲನೆಯದಾದ ಮೂರು ದಿನಕ್ಕೆ ಎರಡನೆಯದು, ಏಳು ದಿನಕ್ಕೆ ಮೂರನೆಯದು, ಹೀಗೆ ತಪ್ಪದೆ ಆಗಬೇಕು. ತಪ್ಪಿದರೆ ರೋಗ ಬರಬಹುದು. ಬಂದರೆ ಆ ರೋಗಕ್ಕೆ ಮದ್ದಿಲ್ಲ. ಹಿಂದೆ ತಾರೀಖನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಚೀಟಿಗಳು ಕಳೆದುಹೋಗುತ್ತಿದ್ದವು. ಅದಕ್ಕೇ ಈಗ ನರ್ಸ್ ಕ್ಯಾಲೆಂಡರಿನಲ್ಲಿ ತಾರೀಖು ಒತ್ತುತ್ತಿದ್ದಳು, ಹಿಂದಿನ ದಿನ ರೋಗಿಯ ಫೋನಿಗೆ ಮೆಸೇಜ್ ಹೋಗುತ್ತಿತ್ತು. "ಮೆಸೇಜ್ ಬಂದ ಮಾರನೆಯ ದಿನ ಬನ್ನಿ," ಎಂದಷ್ಟೇ ನರ್ಸ್ ಹೇಳಿ ಕಳಿಸುತ್ತಿದ್ದಳು.

ಪತ್ರದಲ್ಲಿ ಇದೆಲ್ಲವನ್ನೂ ವಿವರಿಸಿ ಹೀಗೆ ಬರೆದಿದ್ದಳು: "ನಮಸ್ಕಾರ ಸರ್. ನಿನ್ನೆ ಸಂಜೆ ಆಸ್ಪತ್ರೆ ಮುಚ್ಚಿದ ಮೇಲೆ ನಮ್ಮ ಪುಟದ ಬಣ್ಣ ಬದಲಿಸಿದೆ. ಪರೀಕ್ಷೆಗೆಂದು ಒಂದು ಹೆಸರು ಹಾಕಿ ನೋಡಿದರೆ, ಈ ತಿಂಗಳ ತಾರೀಖು ಒತ್ತಿದ್ದು ಮುಂದಿನ ತಿಂಗಳಿಗೆ ಹೋಗುತ್ತಿದೆ. ನಿಮ್ಮ ಕಡೆಯಿಂದ ಸೋಮವಾರ ಬೆಳಿಗ್ಗೆ ನಮ್ಮ ಪುಟಕ್ಕೆ ಬಂದಿರುವುದು ಸಣ್ಣ ದುರಸ್ತಿ ಮಾತ್ರ, ಹಾಗಾಗಿ ತಪ್ಪು ನನ್ನದೇ ಇರಬೇಕು. ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಒಮ್ಮೆ ನೋಡಿ ಹೇಳುತ್ತೀರಾ?"

ಕೆಲಸಗಾರ ತಡಮಾಡಲಿಲ್ಲ. ಹತ್ತು ನಿಮಿಷದೊಳಗೆ ಹಳೆಯ ಕ್ಯಾಲೆಂಡರನ್ನೇ ಮತ್ತೆ ಸೇರಿಸಿ, ಕೊನೆಯ ಅಂಕಿಯನ್ನು ಒಂಬತ್ತು ಮಾಡಿ ಬಿಡುಗಡೆ ಮಾಡಿದ. "ಈಗೊಮ್ಮೆ ನೋಡಿ," ಎಂದು ಅವಳಿಗೆ ಬರೆದ. ಬೇರೇನೂ ಬರೆಯಲಿಲ್ಲ.

ಹನ್ನೊಂದಕ್ಕೆ ಉತ್ತರ ಬಂತು. "ಸರಿಯಾಯಿತು ಸರ್, ತುಂಬಾ ಉಪಕಾರವಾಯಿತು. ನಾನೇ ಎಲ್ಲೋ ಏನೋ ಮುಟ್ಟಿದ್ದೆ ಅಂತ ಕಾಣುತ್ತದೆ. ಸದ್ಯ, ಕೆಟ್ಟದ್ದು ಆಸ್ಪತ್ರೆ ಮುಚ್ಚಿದ ಮೇಲೆ. ಆ ಹೊತ್ತಿನಲ್ಲಿ ರೋಗಿಗಳು ಯಾರೂ ಬಂದಿರಲಿಲ್ಲ, ಬದುಕಿಕೊಂಡೆ."

ಅವನು ಅದನ್ನು ಮತ್ತೆ ಮತ್ತೆ ಓದಿದ. ಸೋಮವಾರ ಬೆಳಿಗ್ಗೆ ಬಂದ ಆ ಸಣ್ಣ ದುರಸ್ತಿಯೇ ಪುಟವನ್ನು ಕೆಡಿಸಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಸೋಮವಾರ, ಮಂಗಳವಾರ ಎರಡು ದಿನ ನರ್ಸ್ ಒತ್ತಿದ ತಾರೀಖುಗಳೆಲ್ಲ ಮುಂದಿನ ತಿಂಗಳಿಗೆ ಹೋಗಿ ಕೂತಿದ್ದವು. ಕ್ಯಾಲೆಂಡರ್ ಸರಿಹೋದರೂ ಬರೆದಿಟ್ಟ ತಾರೀಖುಗಳು ತಾವಾಗಿ ಸರಿಹೋಗುವುದಿಲ್ಲ. ಆ ರೋಗಿಗಳು ಮೆಸೇಜಿಗಾಗಿ ಕಾಯುತ್ತಾರೆ. ಮೆಸೇಜ್ ಒಂದು ತಿಂಗಳ ಮೇಲೆ ಹೋಗುತ್ತದೆ. ಈ ಭೂಮಿಯ ಮೇಲೆ ಇದು ತಿಳಿದಿದ್ದವನು ಆಗ ಅವನೊಬ್ಬನೇ.

ಅವನು ಪತ್ರ ಬರೆಯಲು ಕೂತ. ಮೊದಲ ಸಾಲು ಬರೆದ, ಅಳಿಸಿದ. ತಪ್ಪು ಎಂದು ಬರೆಯಲೇ, ಲೋಪ ಎಂದು ಬರೆಯಲೇ ಎಂದು ಯೋಚಿಸಿದ. ಅಂಕಿಯ ವಿಷಯ ಬರೆದರೆ ಅವಳು ನಾಲ್ಕು ಜನಕ್ಕೆ ಹೇಳುತ್ತಾಳೆ, ಆ ನಾಲ್ಕು ಜನ ನಾನೂರು ಜನಕ್ಕೆ ಹೇಳುತ್ತಾರೆ, ಇನ್ನು ಯಾರೂ ತನ್ನ ಲೈಬ್ರರಿಯನ್ನು ಮುಟ್ಟುವುದಿಲ್ಲ ಎಂದುಕೊಂಡ. ಸಣ್ಣ ಆಸ್ಪತ್ರೆ, ಎರಡು ದಿನದಲ್ಲಿ ಯಾರೂ ಬಂದಿರಲಿಕ್ಕಿಲ್ಲ ಎಂದುಕೊಂಡ. ನರ್ಸ್ ಬಾಯಲ್ಲಿಯೂ ತಾರೀಖು ಹೇಳಿರಬಹುದು ಎಂದುಕೊಂಡ. ಕಚ್ಚಿಸಿಕೊಂಡವರಿಗೆ ತಮ್ಮ ಜೀವದ ಮೇಲೆ ಆಸೆ ಇರುವುದಿಲ್ಲವೇ, ತಾವೇ ಬಂದು ಕೇಳುತ್ತಾರೆ ಎಂದುಕೊಂಡ. ಹೀಗೆ ಅಂದುಕೊಂಡಾಗಲೆಲ್ಲ ಸ್ವಲ್ಪ ಹೊತ್ತು ಎದೆ ಹಗುರಾಗುತ್ತಿತ್ತು. ಮತ್ತೆ ಭಾರವಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಒಂದಾಯಿತು, ಮೂರಾಯಿತು, ನಾಲ್ಕಾಯಿತು. ಪತ್ರದಲ್ಲಿ 'ನಮಸ್ಕಾರ' ಎಂಬುದೊಂದೇ ಉಳಿದಿತ್ತು.

ಐದೂವರೆಗೆ ಅವನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಮೊದಲ ಅಂಕಿಯನ್ನು ಯಾಕೆ ಏರಿಸಲಿಲ್ಲ ಎಂಬುದನ್ನೂ ಸೇರಿಸಿ ಇದ್ದದ್ದನ್ನು ಇದ್ದಂತೆ ಬರೆದ. ಅವಳಿಗೆ ಕಳಿಸಿದ. ಕೊನೆಯ ಅಂಕಿ ಎಂಟು ಇರುವುದನ್ನು ಯಾರೂ ಬಳಸಕೂಡದು, ಬಳಸಿದವರು ಆ ಎರಡು ದಿನದ ತಾರೀಖುಗಳನ್ನು ಪರೀಕ್ಷಿಸಬೇಕು ಎಂದು ಎಲ್ಲರೂ ಓದುವ ಕಡೆಯೂ ಹಾಕಿದ. ಕೆಳಗೆ ತನ್ನ ಫೋನ್ ನಂಬರ್ ಬರೆದ.

ಐದು ನಿಮಿಷದಲ್ಲಿ ಆ ಹೆಂಗಸು ಫೋನ್ ಮಾಡಿದಳು. ಬೈಯುತ್ತಾಳೆ ಎಂದು ಅವನು ಕಣ್ಣು ಮುಚ್ಚಿಕೊಂಡ.

"ಸೋಮವಾರ ಬೆಳಿಗ್ಗೆಯಿಂದಲೇ, ಸರ್?"

"ಹೌದಮ್ಮ."

"ನಿಮಗೆ ಇದು ಯಾವಾಗ ಗೊತ್ತಾಯಿತು?"

"ಬೆಳಿಗ್ಗೆ, ನಿಮ್ಮ ಪತ್ರ ಬಂದಾಗ..." ಎಂದು ಅವನು ಶುರುಮಾಡಿದ.

"ಇರಲಿ ಬಿಡಿ. ನಾನೀಗ ಎಲ್ಲರಿಗೂ ಫೋನ್ ಮಾಡಬೇಕು," ಎಂದು ಅವಳು ಫೋನ್ ಇಟ್ಟುಬಿಟ್ಟಳು.

ಏಳು ಗಂಟೆಗೆ ಅವಳೇ ಮತ್ತೆ ಮಾಡಿದಳು. ಆ ಎರಡು ದಿನದಲ್ಲಿ ಬಂದಿದ್ದವರು ಇಪ್ಪತ್ತಮೂರು ಜನ. ಇಪ್ಪತ್ತೆರಡು ಜನ ಸಿಕ್ಕಿದ್ದರು, ಅವರಿಗೆಲ್ಲ ಸರಿಯಾದ ತಾರೀಖು ಹೇಳಿಯಾಗಿತ್ತು. ಉಳಿದವನು ಒಬ್ಬ ಕುರಿಗಾರ. ಹುಚ್ಚುನಾಯಿ ಕೈಗೆ ಕಚ್ಚಿತ್ತು ಎಂದು ಸೋಮವಾರ ಬಂದಿದ್ದ. ನಾಳೆ ಅವನಿಗೆ ಎರಡನೆಯ ಚುಚ್ಚುಮದ್ದು. ವಿಳಾಸದಲ್ಲಿ ಬರೆಸಿದ್ದು ಅವನ ಹುಟ್ಟೂರು. ಅಲ್ಲಿಗೆ ಅವನು ವರ್ಷಕ್ಕೊಮ್ಮೆ ಹೋಗುತ್ತಾನಂತೆ. ಈಗ ಮಂದೆ ಹೊಡೆದುಕೊಂಡು ಎಲ್ಲಿದ್ದಾನೋ ತಿಳಿಯದು. ಅವನ ಫೋನು ಸ್ವಿಚ್ ಆಫ್ ಎನ್ನುತ್ತಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಕುರಿಗಾರ ಸಿಕ್ಕನೇ?" ಎಂದು ವಾರಿಜಾ ಕೇಳಿದಳು.

"ಹುಡುಕಿದರು," ಎಂದರು ಗುರುಗಳು.

"ಹೇಗೂ ಕೊನೆಗೆ ಅವನು ಎಲ್ಲವನ್ನೂ ಹೇಳಿಕೊಂಡನಲ್ಲ, ಮೇಷ್ಟ್ರೇ. ಫೋನು ಆರಿಹೋಗಿದ್ದರೆ ಅವನಾದರೂ ಏನು ಮಾಡಲು ಸಾಧ್ಯ?"

"ಅವತ್ತು ಮಧ್ಯಾಹ್ನ ಮೂರು ಗಂಟೆಯವರೆಗೆ ಆ ಫೋನಿನಲ್ಲಿ ಚಾರ್ಜ್ ಇತ್ತಂತೆ," ಎಂದರು ಗುರುಗಳು.

ವಾರಿಜಾ ತನ್ನ ಫೋನ್ ಕೈಗೆತ್ತಿಕೊಂಡು ಎದ್ದಳು.