ನಾಲ್ಕು ಕೈಯ ಗೊಬ್ಬರ ಉಂಡ ಹುಲ್ಲು

ಈ ಕತೇಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಉದುರಿ ನಿನ್ನ ದಿಂಬಿನ ಮೇಲೆ ಬೀಳಲಿ ಮಗಾ. ನಿಮ್ಮಜ್ಜಿ ಹೇಳಿದ ಕತೆ ಇದು. ಅಜ್ಜಿಗಿಂತ ನಾನೇ ಚೆನ್ನಾಗಿ ಹೇಳ್ತೀನಿ ಅಂತ ಊರೆಲ್ಲ ಒಪ್ಪಿದೆ, ಒಪ್ಪದವಳು ಒಬ್ಬಳೇ, ನಿಮ್ಮಜ್ಜಿ. ಹೊದ್ದುಕೋ, ಕೇಳು.

ಕಾಲಗಳಿಗೆಲ್ಲ ಹಿರಿಯಣ್ಣನಂಥ ಒಂದು ಕಾಲದಲ್ಲಿ ಗರಿಕೆಪುರ ಅಂತ ಒಂದು ಊರಿತ್ತಂತೆ. ಅಲ್ಲಿ ಪ್ರತಿ ಮನೆ ಮುಂದೂ ಒಂದು ಹುಲ್ಲುಹಾಸು. ಹೆಣ್ಣು ನೋಡೋಕೆ ಬಂದವರು ಹುಡುಗಿಗೆ ಹಾಡು ಬರುತ್ತಾ, ಅಡುಗೆ ಬರುತ್ತಾ ಅಂತ ಕೇಳ್ತಿರಲಿಲ್ಲವಂತೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹುಲ್ಲಿನ ಮೇಲೆ ಬಾಗಿಲ ತನಕ ನಡೆಯೋರಂತೆ. ಮೆತ್ತಗಿದ್ದರೆ ಒಳಗೆ ಬಂದು ಪಾಯಸ ಉಣ್ಣೋದು, ಚುಚ್ಚಿದರೆ ಅಲ್ಲಿಂದಲೇ ವಾಪಸು. ಹುಲ್ಲನ್ನೇ ಸಾಕದವಳು ಮಕ್ಕಳನ್ನೇನು ಸಾಕ್ತಾಳೆ ಅಂತ ಅವರ ವಾದ.

ಆ ಊರಲ್ಲಿ ಚಿಕ್ಕತಾಯಿ ಅಂತ ಒಬ್ಬ ಹುಡುಗಿ. ಅವಳಿಗೆ ಮೂವರು ಅಣ್ಣಂದಿರು: ಕರಿಯಣ್ಣ, ಬೋರಣ್ಣ, ಜವರಣ್ಣ. ಹೊಳೆಯ ಆಚೆ ದಡದಲ್ಲಿ ದೋಣಿ ನಡೆಸೋ ಚಲುವ ಅಂದರೆ ಚಿಕ್ಕತಾಯಿಗೆ ಪ್ರಾಣ, ಅವನಿಗೂ ಹಾಗೇ. ಇನ್ನು ಎಂಟು ದಿನಕ್ಕೆ ಅವನ ಸೋದರತ್ತೆ ಮಂಚಮ್ಮ ಹುಲ್ಲು ತುಳಿಯೋಕೆ ಬರ್ತಾಳೆ ಅಂತ ಸುದ್ದಿ ಬಂತಂತೆ. ಚಿಕ್ಕತಾಯಿ ಅಂಗಳ ನೋಡ್ತಾಳೆ, ಹುಲ್ಲು ಹಳೇ ಚಾಪೆ ಥರ ಹಳದಿ. ಕಾಲಿಟ್ಟರೆ ಚರಚರ ಅಂತದೆ.

ಆಮೇಲೆ ಅವಳು ತಿಪ್ಪೆಯ ಕೆಳಗಿನ ಹಳೇ ಗೊಬ್ಬರ ತೆಗೆದು, ಕೈಯಲ್ಲಿ ಪುಡಿ ಮಾಡಿ, ಒಂದೇ ಒಂದು ಮಂಕರಿ, ರೊಟ್ಟಿಗೆ ಹಿಟ್ಟು ಉದುರಿಸಿದಷ್ಟು ತೆಳ್ಳಗೆ ಎರಚಿ, ಬಿಸಿಲು ಏರೋ ಮುಂಚೆ ನೀರು ಬಿಟ್ಟಳಂತೆ. ಅಷ್ಟೇ ಸಾಕಿತ್ತು ಮಗಾ. ಆದರೆ ಅವರ ಮನೇಲೊಂದು ಪದ್ಧತಿ, ಮಾಡಿದ ಒಳ್ಳೇ ಕೆಲಸ ಯಾರಿಗೂ ಹೇಳಕೂಡದು, ಹೇಳಿದರೆ ಪುಣ್ಯ ಆವಿಯಾಗಿ ಹೋಗುತ್ತೆ ಅಂತ. ಅವಳು ತುಟಿ ಬಿಚ್ಚಲಿಲ್ಲ.

ಅವಳು ನೀರಿಗೆ ಹೋದಳು, ಕರಿಯಣ್ಣ ಬಂದ. ತಂಗಿ ಮದುವೆ ಅಂತ ಒಂದು ಗಾಡಿ ಕೊಟ್ಟಿಗೆ ಗೊಬ್ಬರ ಸುರಿದು, ನೀರು ಬಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ಹೋದ. ಆಮೇಲೆ ಬೋರಣ್ಣ ಬಂದು ಒಂದು ಗಾಡಿ ಕುರಿ ಹಿಕ್ಕೆ ಸುರಿದು ಅವನೂ ಹೋದ. ಆಮೇಲೆ ಜವರಣ್ಣ ಬಂದು ಒಂದು ಗಾಡಿ ಹೊಂಗೆ ಹಿಂಡಿ. ಮೂಗಿಗೆ ವಾಸನೆ ಬಡೀಲಿಲ್ಲವಾ ಅಂತ ಕೇಳಬೇಡ, ಮೂವರಿಗೂ ನೆಗಡಿ.

ಮಾರನೇ ದಿನ ಹುಲ್ಲು ಮೊಣಕಾಲಿಗೆ ಬಂತಂತೆ. ಚಿಕ್ಕತಾಯಿ, ಅಯ್ಯೋ ನನ್ನ ಕೈಗುಣವೇ ಅಂತ ಹಿಗ್ಗಿದಳು. ಮೂರನೇ ದಿನ ಕಿಟಕಿ ಮುಚ್ಚಿತು, ಹಿಗ್ಗು ಇಳೀತು. ಐದನೇ ದಿನ ಸೂರಿನ ಹೆಂಚು ಎತ್ತಿ ಒಳಗೆ ಇಣುಕಿ ನೋಡ್ತಂತೆ! ಕರಿಯಣ್ಣ ಕುಡುಗೋಲು ಹಿಡಿದು ಕೊಯ್ದ. ಬೆವರು ಒರೆಸಿಕೊಂಡು ತಿರುಗೋದರಲ್ಲಿ ಹಿಂದೆ ಮತ್ತೆ ಆಳೆತ್ತರ. ಬೋರಣ್ಣ ಊರ ದನ ತಂದು ಬಿಟ್ಟ. ಅವು ಹೊಟ್ಟೆ ಬಿರಿಯೋ ಹಾಗೆ ತಿಂದು ಅಲ್ಲೇ ಮಲಗಿ, ಬೆಳಿಗ್ಗೆ ಸಗಣಿ ಹಾಕಿ ಎದ್ದವು, ಹುಲ್ಲಿಗೆ ಅದೂ ಹಬ್ಬ. ಜವರಣ್ಣ ಕೈ ಮುಗಿದು ಬೇಡಿಕೊಂಡ. ಹುಲ್ಲು ಅವನ ಪಂಚೆ ಎಳೆದುಕೊಳ್ತು.

ಅಷ್ಟರಲ್ಲಿ ಮಂಚಮ್ಮ ಬಂದೇಬಿಟ್ಟಳು. ಎಂಟು ದಿನ ಅಂದವಳು ಆರೇ ದಿನಕ್ಕೆ! ಚಪ್ಪಲಿ ಬಿಟ್ಟಳು, ಹುಲ್ಲೊಳಗೆ ಕಾಲಿಟ್ಟಳು, ಮಾಯ! ಒಂದು ದಿನ ಆಯ್ತು, ಎರಡು ದಿನ ಆಯ್ತು, ಮೂರು ದಿನ ಆಯ್ತು, ಒಳಗಿಂದ ದನಿ ಮಾತ್ರ. ತಾಯೀ, ಬಾಗಿಲು ಯಾವ ಕಡೆ? ಚಿಕ್ಕತಾಯಿ ಹೊಸಿಲಿಂದ, ಎಡಕ್ಕೆ ಬನ್ನಿ ಅತ್ತೇ! ಯಾರ ಎಡ, ನನ್ನದೋ ನಿನ್ನದೋ? ಅತ್ತೆಯನ್ನ ಹುಡುಕಿಕೊಂಡು ಚಲುವ ಓಡಿ ಬಂದ, ಒಳಗೆ ನುಗ್ಗಿದ, ಅವನೂ ಇಲ್ಲ!

ಚಿಕ್ಕತಾಯಿ ಮೂವರು ಅಣ್ಣಂದಿರನ್ನೂ ಹೊಸಿಲ ಹತ್ತಿರ ಕರೆದಳಂತೆ. ಗಂಡೂ ಹೋದ, ಗಂಡಿನ ಅತ್ತೆಯೂ ಹೋದಳು. ಇನ್ನು ಪುಣ್ಯ ಕಟ್ಟಿಕೊಂಡು ಏನು ಮಾಡಲಿ ಅಂದುಕೊಂಡು ಬಾಯಿ ಬಿಟ್ಟಳು. ಅಣ್ಣಾ, ಗೊಬ್ಬರ ಹಾಕಿದ್ದು ನಾನು ಕಣ್ರಣ್ಣಾ, ಒಂದು ಮಂಕರಿ.

ಕರಿಯಣ್ಣ ಅಂದ, ನೀನಾ? ನಾನೂ ಹಾಕಿದೆ ಕಣವ್ವಾ, ಒಂದು ಗಾಡಿ. ಬೋರಣ್ಣ, ನಾನೂ ಒಂದು ಗಾಡಿ ಕುರಿ ಹಿಕ್ಕೆ ಸುರಿದೆ ಅಂದ. ಜವರಣ್ಣ ಕಂಬದ ಹಿಂದೆ ನಿಂತು, ಹಿಂಡಿ ಚೂರೇ ಚೂರು, ಗಾಡಿ ಸಣ್ಣದು ಅಂದ. ಕರಿಯಣ್ಣ ಅವನ ಕಿವಿ ಹಿಂಡಿದ. ಅಲ್ಲ ಕಣಲೇ, ಒಬ್ಬರ ಊಟವನ್ನ ನಾಲ್ಕು ಜನ ಬಡಿಸಿದರೆ ಹುಲ್ಲಾದರೂ ಏನು ಮಾಡೀತು!

ಆ ಮಾತು ಕೇಳಿದ್ದೇ ಚಿಕ್ಕತಾಯಿಗೆ ಹೊಳೀತಂತೆ. ಜಾಸ್ತಿ ಉಂಡವರಿಗೆ ನೀರು ಕುಡಿಸಿ ಹೊಟ್ಟೆ ತೊಳೀಬೇಕು ಅಲ್ವಾ? ಅಂಗಳದ ಬದು ಒಡೆದು ಬೀದಿ ಕಡೆ ಕಾಲುವೆ ತೋಡಿಸಿ, ಬಾವಿಯಿಂದ ಕೊಡಗಟ್ಟಲೆ ನೀರು ಸೇದಿ ಸುರಿದರು. ಬೆಳಿಗ್ಗೆಯಿಂದ ಸಂಜೆ ತನಕ ಗೊಬ್ಬರದ ರಸ ಕಂದು ಕಂದಾಗಿ ಹೊರಗೆ ಹರೀತು. ನೀರು ತಿಳಿಯಾದ ಮೇಲೆ ಹುಲ್ಲಿನ ಅಬ್ಬರ ನಿಂತು, ಸುಸ್ತಾದವರ ಹಾಗೆ ಬಾಗಿತಂತೆ. ಆಮೇಲೆ ಅಣ್ಣಂದಿರು ಮೂವರೂ ಕೂತು ಕೊಯ್ದರು, ಈ ಸಲ ಕೊಯ್ದದ್ದು ಕೊಯ್ದ ಹಾಗೇ ಉಳೀತು. ನಡುವೆ ಮಂಚಮ್ಮ ಕಾಲು ಚಾಚಿ ಕೂತಿದ್ದಾಳೆ, ಪಕ್ಕದಲ್ಲಿ ಚಲುವ ಗೊರಕೆ ಹೊಡೀತಿದ್ದಾನೆ!

ಮಂಚಮ್ಮ ಎದ್ದಳು, ಹುಲ್ಲು ತುಳಿದಳು, ಇನ್ನೊಂದು ಸಲ ತುಳಿದಳು. ಲೇ ಹುಡುಗೀ, ನನ್ನ ಅಂಗಾಲಿಗೆ ಇಷ್ಟು ಸುಖ ಕೊಟ್ಟದ್ದು ನೀನೊಬ್ಬಳೇ, ಆದರೆ ನಾಳೆ ನನ್ನ ಸೋದರಳಿಯನಿಗೆ ಅನ್ನ ಬಡಿಸುವಾಗ ಮಾತ್ರ ಮನೇಲಿ ಒಬ್ಬರನ್ನೊಬ್ಬರು ಕೇಳಿಕೊಂಡು ಬಡಿಸಿ ಅಂದಳಂತೆ. ಅಂದು ಒಳಗೆ ಹೋಗಿ ಮೂರು ಬಟ್ಟಲು ಪಾಯಸ ಉಂಡಳಂತೆ.

ಮದುವೆಯಾಯಿತು. ಹರಿದ ರಸದಿಂದ ಬೀದಿಯ ಹುಲ್ಲೆಲ್ಲ ಹಸಿರಾಗಿ, ಆ ವರ್ಷ ಆ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಮದುವೆಯಾಯಿತು. ಎಲ್ಲರೂ ಸುಖವಾಗಿದ್ದಾರೆ. ಇಲ್ಲಿಗೆ ಕತೆಗೂ ನಿದ್ದೆ ಬಂತು ಮಗಾ, ನೀನೂ ಕಣ್ಣು ಮುಚ್ಚು.

ಏನು, ಮೀಸೆ ನೋಡ್ತಿದೀಯಾ? ಸರಿ, ಒಂದೇ ಒಂದು ಸಣ್ಣದು ನಾನು ಸೇರಿಸಿದ್ದು. ಮಂಚಮ್ಮ ಹುಲ್ಲೊಳಗೆ ಮೂರು ದಿನ ಇದ್ದಳು ಅಂದೆನಲ್ಲ, ಮೂರಲ್ಲ, ಎರಡೂವರೆ.